ಕಣ್ಣು ನಿಂತ ಮೇಲೆ: ಗಡಿ ತಾಲೂಕುಗಳ ಇಷ್ಟಲಿಂಗ ಧ್ಯಾನ

ಉಮರ್ಗಾ, ನಿಲಂಗಾ, ಉದಗೀರ ತಾಲೂಕುಗಳ ಲಿಂಗಾಯತ ಮನೆಗಳಲ್ಲಿ ಇಷ್ಟಲಿಂಗ ಪೂಜೆ ಇನ್ನೂ ನಡೆದಿದೆ. ಮನೆಯ ಕನ್ನಡ ಸವೆಯಿತು, ಮಕ್ಕಳ ಶಾಲೆ ಮರಾಠಿಯಾಯಿತು, ಬೀಗತನವೂ ಬಹುಪಾಲು ಲಾತೂರ, ಸೊಲ್ಲಾಪುರದ ಕಡೆಗೆ ತಿರುಗಿತು. ಆದರೂ ಬೆಳಿಗ್ಗೆ ಸ್ನಾನ ಮುಗಿಸಿ, ಹಣೆಗೆ ವಿಭೂತಿ ಹಚ್ಚಿ, ಕೊರಳಿನ ಕರಡಿಗೆ ಬಿಚ್ಚಿ, ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಕೂಡುವವರು ಇದ್ದೇ ಇದ್ದಾರೆ. ಹೆಚ್ಚಿನವರು ಹೆಂಗಸರು ಮತ್ತು ಮುದುಕರು. ನಡುವೆ ಅಲ್ಲೊಬ್ಬ ಇಲ್ಲೊಬ್ಬ ಕಾಲೇಜು ಹುಡುಗ. ಹಳೆಯ ಅಧ್ಯಾತ್ಮದ ಮಾತು ತಿಳಿಯಬೇಕಾದರೆ ಪುಸ್ತಕ ಸಾಲದು, ದಿನದಿನದ ಧ್ಯಾನವೇ ಬೇಕು ಎಂದು ವಾದಿಸುವವರುಂಟು. ಆ ವಾದವನ್ನು ಒರೆಗೆ ಹಚ್ಚಲು ಇದಕ್ಕಿಂತ ಒಳ್ಳೆಯ ಸೀಮೆ ನನಗೆ ಗೊತ್ತಿಲ್ಲ. ಇಲ್ಲಿ ಸಾಧನೆ ಉಳಿದಿದೆ, ಆ ಸಾಧನೆಯನ್ನು ಹೇಳಿದ ಮಾತು ಹೋಗಿದೆ. ಹಾಗಾದಾಗ ಕೈಗೆ ಬರುವುದು ಅರ್ಧ ಎಂಬುದು ನನ್ನ ಅಭಿಪ್ರಾಯ. ಆ ಅರ್ಧವೂ ಸಣ್ಣದಲ್ಲ. ಆದರೆ ಅದನ್ನೇ ಪೂರ್ತಿ ಎಂದು ಕಲಿಸುವುದು ಈಗೀಗ ಹೆಚ್ಚಾಗಿದೆ, ನನ್ನ ತಕರಾರು ಅದರ ಬಗ್ಗೆ.

ಸೀಮೆಯ ಪರಿಚಯ ಸ್ವಲ್ಪ ಬೇಕು. ಉದಗೀರ ಮತ್ತು ನಿಲಂಗಾ ಹೈದರಾಬಾದ್ ರಾಜ್ಯದ ಕಾಲದಲ್ಲಿ ಬೀದರ ಜಿಲ್ಲೆಯ ತಾಲೂಕುಗಳು. 1956ರ ನವೆಂಬರ್ 1ರಂದು ಅಹಮದಪುರದ ಜೊತೆ ಅವು ಮುಂಬೈ ರಾಜ್ಯದ ಪಾಲಾಗಿ ಉಸ್ಮಾನಾಬಾದ್ ಜಿಲ್ಲೆಗೆ ಸೇರಿದವು. 1982ರಲ್ಲಿ ಲಾತೂರ ಜಿಲ್ಲೆಯಾದಾಗ ಅದರೊಳಕ್ಕೆ ಹೋದವು. ಉಮರ್ಗಾ ಇವತ್ತಿನ ಧಾರಾಶಿವ ಜಿಲ್ಲೆಯ ಊರು, ಸೊಲ್ಲಾಪುರ–ಹೈದರಾಬಾದ್ ಹೆದ್ದಾರಿಯ ಮೇಲಿದೆ. ಆ ರಸ್ತೆಯ ಪಶ್ಚಿಮಕ್ಕೆ ಶರಣ ಸಿದ್ಧರಾಮನ ಸೊನ್ನಲಿಗೆ, ಅಂದರೆ ಸೊಲ್ಲಾಪುರ, ಪೂರ್ವಕ್ಕೆ ಬಸವಕಲ್ಯಾಣ. ಉದಗೀರಕ್ಕೆ ರೈಲಿನ ನಂಟು: ಬೀದರ, ಭಾಲ್ಕಿ, ಕಮಲನಗರ, ಆಮೇಲೆ ಉದಗೀರ. ಕಮಲನಗರದಲ್ಲಿ ಹುಟ್ಟಿದ ಭಾಲ್ಕಿಯ ಚೆನ್ನಬಸವ ಪಟ್ಟದ್ದೇವರು ನಿಜಾಮನ ಆಳ್ವಿಕೆಯಲ್ಲಿ ಶಾಲೆಯ ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದ ಕತೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಆ ಕನ್ನಡ ಕಮಲನಗರದವರೆಗೆ ಗಟ್ಟಿಯಾಗಿ ಉಳಿಯಿತು, ಅದರಾಚೆ ಉಳಿಯಲಿಲ್ಲ. 2022ರ ಏಪ್ರಿಲ್‌ನಲ್ಲಿ 95ನೆಯ ಅಖಿಲ ಭಾರತೀಯ ಮರಾಠಿ ಸಾಹಿತ್ಯ ಸಮ್ಮೇಳನ ನಡೆದದ್ದು ಉದಗೀರದಲ್ಲೇ. ಅದರ ಬಗ್ಗೆ ನನಗೆ ಹೊಟ್ಟೆಯುರಿ ಇಲ್ಲ. ಮರಾಠಿ ಅಲ್ಲಿಯ ಮಕ್ಕಳ ಭಾಷೆ. ನನ್ನ ಪ್ರಶ್ನೆ ಬೇರೆ: ಅಂಗೈಯ ಲಿಂಗವನ್ನು ಏನು ಮಾಡಬೇಕೆಂದು ಆ ಮಕ್ಕಳಿಗೆ ಯಾವ ಭಾಷೆಯಲ್ಲಾದರೂ ಯಾರಾದರೂ ಹೇಳುತ್ತಿದ್ದಾರೆಯೇ?

ಸಾಧನೆ ನೋಡಲು ಸರಳ. ಒಂದು ಮಣೆ ಅಥವಾ ಚಾಪೆ, ಪಕ್ಕದಲ್ಲಿ ದೀಪ, ಒಂದು ಗಿಂಡಿ ನೀರು, ಸಿಕ್ಕರೆ ಬಿಲ್ವಪತ್ರೆ. ಇಷ್ಟಲಿಂಗದ ಮೇಲಿನ ಲೇಪ ಕಪ್ಪು, ನುಣುಪು. ದೀಪವನ್ನು ಸರಿಯಾದ ಕಡೆ ಇಟ್ಟರೆ ಅದರ ಕುಡಿ ಲಿಂಗದ ಮೇಲೆ ಸಾಸಿವೆಯಷ್ಟು ಬೆಳಕಾಗಿ ಕೂಡುತ್ತದೆ. ಅಂಗೈಯನ್ನು ಎದೆಗಿಂತ ತುಸು ಮೇಲೆ ಎತ್ತಿ, ಆ ಬೆಳಕಿನ ಮೇಲೆ ದೃಷ್ಟಿ ಇಟ್ಟು, ಷಡಕ್ಷರಿಯನ್ನು ಮನಸ್ಸಿನಲ್ಲೇ ಹೇಳಿಕೊಳ್ಳಬೇಕು. ಅರ್ಚಕ ಬೇಡ, ಗರ್ಭಗುಡಿ ಬೇಡ, ಹೊತ್ತುಗೊತ್ತಿನ ಕಟ್ಟಳೆಯೂ ಅಷ್ಟಿಲ್ಲ. ನಿಲಂಗಾಕ್ಕೆ ದೂರವಲ್ಲದ ಖರೋಸಾದಲ್ಲಿ 6ನೆಯ ಶತಮಾನದ ಗುಹೆಗಳಿವೆ. ಅಲ್ಲಿ ಶಿವನನ್ನು ನೋಡಬೇಕಾದರೆ ಬಂಡೆಯೊಳಕ್ಕೆ ಹೋಗಬೇಕು. ನಿಲಂಗಾ ಊರೊಳಗಿನ ಹಳೆಯ ನೀಲಕಂಠೇಶ್ವರ ಗುಡಿಯಲ್ಲಿ ಹೊಸ್ತಿಲು, ನವರಂಗ, ಗರ್ಭಗೃಹ ಎಂದು ಒಂದೊಂದೇ ದಾಟಿ ಒಳಗೆ ಸರಿಯಬೇಕು. 12ನೆಯ ಶತಮಾನದ ಶರಣರು ಆ ಇಡೀ ಗುಡಿಯನ್ನು ಬಿಟ್ಟುಕೊಟ್ಟು ಲಿಂಗವನ್ನು ಹೆಣ್ಣುಗಂಡೆನ್ನದೆ, ಜಾತಿ ಕೇಳದೆ, ಒಬ್ಬೊಬ್ಬರ ಅಂಗೈಗೆ ತಂದರು. ಇತಿಹಾಸದ ಪಾಠದಲ್ಲಿ ಇದನ್ನು ಸಮಾಜ ಸುಧಾರಣೆ ಎಂದು ಓದುತ್ತೇವೆ, ಸರಿಯೇ. ಆದರೆ ಅದು ಧ್ಯಾನದ ವಿಧಾನದಲ್ಲಿ ಆದ ಬದಲಾವಣೆಯೂ ಹೌದು. ಅದರ ಬೆಲೆ ಕೂತು ನೋಡಿದವರಿಗೆ ಮಾತ್ರ ತಿಳಿಯುತ್ತದೆ.

ಕೂತು ನೋಡಿದಾಗ ಮೊದಲು ಏನಾಗುತ್ತದೆ? ಕಣ್ಣಲ್ಲಿ ನೀರು ಬರುತ್ತದೆ. ಭುಜ ಜಗ್ಗುತ್ತದೆ. ಆಮೇಲೆ, ದೃಷ್ಟಿ ನಿಜವಾಗಿ ನಿಂತರೆ, ಲಿಂಗದ ಅಂಚು ಮಸುಕಾಗಿ ಬೆರಳುಗಳು ಮಾಯವಾಗುತ್ತವೆ. ಕೆಲವೊಮ್ಮೆ ಲಿಂಗವೇ ಕರಗಿ ಬರೀ ಬೆಳಕು ಉಳಿಯುತ್ತದೆ. ಹೊಸಬರಿಗೆ ಮೈ ಜುಮ್ಮೆನ್ನುವುದು ಇಲ್ಲಿಯೇ. ಶಿವನ ದರ್ಶನವಾಯಿತು ಎಂದು ಹೇಳುವವರೂ ಇಲ್ಲಿಂದಲೇ ಎದ್ದು ಹೋಗುತ್ತಾರೆ. ಆದರೆ ಇದು ಕಣ್ಣಿನ ಸ್ವಭಾವ. ಒಂದೇ ಬಿಂದುವನ್ನು ಅಲುಗದೆ ನೋಡುತ್ತಿದ್ದರೆ ಸುತ್ತಲಿನದು ಅಳಿಸಿಹೋಗುತ್ತದೆಂದು ಸ್ವಿಸ್ ವೈದ್ಯ ಟ್ರಾಕ್ಸ್‌ಲರ್ 1804ರಲ್ಲೇ ಬರೆದಿಟ್ಟಿದ್ದಾನೆ. ಗೋಡೆಯ ಮೇಲಿನ ಮೊಳೆಯನ್ನು ದಿಟ್ಟಿಸಿದರೂ ಹೀಗೇ ಆಗುತ್ತದೆ. ಬೆಳಕು ಕಂಡಿತು, ಲಿಂಗ ಕರಗಿತು ಎಂಬುದನ್ನೇ ಸಾಧನೆಯ ಫಲವೆಂದು ಲೆಕ್ಕ ಹಾಕಿದರೆ ಮೊಳೆಯನ್ನೂ ಗುರು ಎನ್ನಬೇಕಾಗುತ್ತದೆ.

ಈ ತಪ್ಪು ಲೆಕ್ಕವನ್ನು ಇತ್ತೀಚಿನ ಕಿರುಹೊತ್ತಿಗೆಗಳು, ಮೊಬೈಲ್ ಪ್ರವಚನಗಳು ಇನ್ನಷ್ಟು ಬೆಳೆಸಿವೆ. ಇಷ್ಟಲಿಂಗ ಪೂಜೆ ಎಂದರೆ ತ್ರಾಟಕ (ಒಂದೇ ಬಿಂದುವನ್ನು ದಿಟ್ಟಿಸುವ ಯೋಗಕ್ರಿಯೆ), ತ್ರಾಟಕದಿಂದ ಪೀನಿಯಲ್ ಗ್ರಂಥಿ ಚುರುಕಾಗುತ್ತದೆ, ಅದೇ ಮೂರನೆಯ ಕಣ್ಣು ಎಂಬುದು ಅವುಗಳ ವಾದ. ನನ್ನ ಕೈಗೆ ಸಿಕ್ಕ ಹೊತ್ತಿಗೆಗಳಲ್ಲಿ ಗ್ರಂಥಿಯ ಮಾತಿಗೆ ಒಂದು ಆಧಾರವನ್ನೂ ಕೊಟ್ಟಿರಲಿಲ್ಲ. ಅದು ಹಾಗಿರಲಿ. ತ್ರಾಟಕ ಎಂಬ ಹೆಸರೇ ಇಲ್ಲಿ ಒಪ್ಪುವುದಿಲ್ಲ. ಸ್ವಾತ್ಮಾರಾಮನ ಹಠಯೋಗ ಪ್ರದೀಪಿಕೆಯಲ್ಲಿ ತ್ರಾಟಕ ಬರುವುದು ಧೌತಿ, ಬಸ್ತಿ, ನೇತಿ, ನೌಲಿ, ಕಪಾಲಭಾತಿಗಳ ಸಾಲಿನಲ್ಲಿ, ಅಂದರೆ ಮೈ ತೊಳೆದುಕೊಳ್ಳುವ ಆರು ಕ್ರಿಯೆಗಳಲ್ಲಿ ಒಂದಾಗಿ. ಶರಣರು ಯಾವುದನ್ನು ತಮ್ಮ ಬದುಕಿನ ನಡುಗಂಬ ಮಾಡಿಕೊಂಡರೋ ಅದನ್ನು ಮೂಗು ತೊಳೆಯುವ ಕ್ರಿಯೆಯ ಪಕ್ಕದಲ್ಲಿ ಕೂಡಿಸಿ, ಮೇಲೆ ವಿಜ್ಞಾನದ ಶಾಲು ಹೊದಿಸಿದರೆ ಅದಕ್ಕೆ ಗೌರವ ಬಂತೆಂದು ನಂಬುವುದು ನನಗೆ ವಿಚಿತ್ರವಾಗಿ ಕಾಣುತ್ತದೆ.

ಉದಗೀರದಲ್ಲಿ ನನ್ನ ಸೋದರತ್ತೆ ಇದ್ದಳು. ಓದು ಬರಹ ಅಷ್ಟಕ್ಕಷ್ಟೆ. ಮೊಮ್ಮಕ್ಕಳ ಜೊತೆ ಮರಾಠಿ, ದೇವರ ಜೊತೆ ಕನ್ನಡ. ಅಡುಗೆಮನೆಯ ಮೂಲೆಯಲ್ಲೇ ಅವಳ ಪೂಜೆ. ಲಿಂಗ ಕರಗಿ ಕಾಣದಂತಾಗುತ್ತದೆ, ಆಗ ಏನು ಮಾಡಬೇಕು ಎಂದು ನಾನು ಕೇಳಿದ್ದಕ್ಕೆ ಅವಳು, ‘ಕಾಣ್ಲಿಲ್ಲಂದ್ರ ಏನಾಯ್ತೋ ತಮ್ಮಾ, ಕೈಯಾಗ ಭಾರ ಅದ ಇಲ್ಲೋ?’ ಅಂದಳು. ಅಷ್ಟು ಹೇಳಿ ಒಲೆಯ ಕಡೆ ತಿರುಗಿದಳು.

ತ್ರಾಟಕಕ್ಕೂ ಇದಕ್ಕೂ ಇರುವ ವ್ಯತ್ಯಾಸ ಆ ಒಂದು ಮಾತಿನಲ್ಲಿದೆ. ದೀಪವನ್ನೋ ಬಿಂದುವನ್ನೋ ನೋಡುವವನಿಗೆ ಅದು ಎದುರಿನ ವಸ್ತು, ಕಣ್ಣಿಗೆ ಮಾತ್ರ ಸಂಬಂಧಿಸಿದ್ದು. ಕಣ್ಣು ಸೋತರೆ ಅದು ಹೋಯಿತು. ಇಷ್ಟಲಿಂಗ ನನ್ನ ಕೈಯಲ್ಲೇ ಇದೆ. ನೋಟ ಅಳಿಸಿದರೂ ಸ್ಪರ್ಶ ಅಳಿಯುವುದಿಲ್ಲ, ತಂಪು ಅಳಿಯುವುದಿಲ್ಲ, ತೂಕ ಅಳಿಯುವುದಿಲ್ಲ. ಪೂಜೆಗೆ ಕೂತವನು ಬೆಳಕಿನ ಹಿಂದೆ ತೇಲಿಹೋಗದಂತೆ ಅವನ ಅಂಗೈಯೇ ತಡೆಯುತ್ತದೆ. ನೋಡುವವನು, ನೋಟ, ನೋಡಿದ್ದು ಎಂಬ ಮೂರರ ನಡುವಿನ ಗೆರೆ ಎಲ್ಲಿದೆಯೆಂದು ಹುಡುಕುವುದು ಉಪನಿಷತ್ತುಗಳ ಹಳೆಯ ಪ್ರಶ್ನೆ. ಕಣ್ಣಿಗೆ ಕಾಣದ, ಆದರೆ ಕಣ್ಣು ಕಾಣುವುದೇ ಯಾವುದರಿಂದಲೋ ಅದು ಯಾವುದು ಎಂದು ಕೇನೋಪನಿಷತ್ತು ಕೇಳುವ ಪ್ರಶ್ನೆ ಪುಸ್ತಕದಲ್ಲಿ ಒಗಟಿನಂತಿದೆ. ಅಂಗೈಯಲ್ಲಿ ಹಿಡಿದದ್ದು ಕಾಣದೆ ಹೋಗಿ, ಹಿಡಿದಿದ್ದೇನೆ ಎಂಬ ಅರಿವು ಮಾತ್ರ ಉಳಿದ ಗಳಿಗೆಯಲ್ಲಿ ಅದು ಒಗಟಾಗಿ ಉಳಿಯುವುದಿಲ್ಲ. ಉತ್ತರ ಸಿಗುತ್ತದೆ ಎಂದು ನಾನು ಹೇಳುತ್ತಿಲ್ಲ. ಪ್ರಶ್ನೆ ಯಾವುದರ ಬಗ್ಗೆ ಎಂಬುದಂತೂ ತಿಳಿಯುತ್ತದೆ. ವೈಯಕ್ತಿಕ ಸಾಧನೆಯಿಂದ ಪ್ರಾಚೀನ ಬೋಧೆ ಅರ್ಥವಾಗುತ್ತದೆ ಎಂಬ ಮಾತಿನಲ್ಲಿ ಇಷ್ಟರಮಟ್ಟಿಗೆ ಸತ್ಯವಿದೆ, ಮತ್ತು ಇದನ್ನು ವ್ಯಾಖ್ಯಾನಗಳು ಕೊಡಲಾರವು.

ಆದರೆ ಶರಣರು ಇಲ್ಲಿಗೆ ನಿಲ್ಲಲಿಲ್ಲ. ಗಡಿ ತಾಲೂಕುಗಳಲ್ಲಿ ಕಳೆದುಹೋಗಿರುವುದು ಇದರ ಮುಂದಿನ ಭಾಗ.

ಚೆನ್ನಬಸವಣ್ಣ ರೂಪಿಸಿದ ಷಟ್‌ಸ್ಥಲದ ಲೆಕ್ಕದಲ್ಲಿ ಇಷ್ಟಲಿಂಗ ಒಂದು ಬಾಗಿಲು ಮಾತ್ರ. ಅದರಾಚೆ ಪ್ರಾಣಲಿಂಗ, ಭಾವಲಿಂಗ. ಅಂಗೈಯ ಒಂದೇ ಲಿಂಗ ಆರಾಗಿ ಇಂದ್ರಿಯಗಳ ಮೇಲೆ ಹರಡಿಕೊಳ್ಳುತ್ತದೆ: ಮೂಗಿನಲ್ಲಿ ಆಚಾರಲಿಂಗ, ನಾಲಗೆಯಲ್ಲಿ ಗುರುಲಿಂಗ, ಕಣ್ಣಿನಲ್ಲಿ ಶಿವಲಿಂಗ, ಚರ್ಮದಲ್ಲಿ ಜಂಗಮಲಿಂಗ, ಕಿವಿಯಲ್ಲಿ ಪ್ರಸಾದಲಿಂಗ, ಹೃದಯದಲ್ಲಿ ಮಹಾಲಿಂಗ. ಒಂದೊಂದಕ್ಕೂ ಅರ್ಪಣೆ ಬೇರೆ. ವಾಸನೆ, ರುಚಿ, ರೂಪ, ಸ್ಪರ್ಶ, ಶಬ್ದ, ಕೊನೆಗೆ ತೃಪ್ತಿ. ಪರೀಕ್ಷೆಗೆ ಓದುವ ಹುಡುಗರು ಇದನ್ನು ಬಾಯಿಪಾಠ ಮಾಡುತ್ತಾರೆ. ಕೋಷ್ಟಕ ಮಾಡಿ ಬರೆದರೆ ಒಣ ಶಾಸ್ತ್ರದಂತೆ ಕಾಣುತ್ತದೆ, ನಿಜ. ಬಹಳ ದಿನ ನಾನೂ ಇದನ್ನು ಪಂಡಿತರ ಲೆಕ್ಕಾಚಾರ ಎಂದೇ ಪಕ್ಕಕ್ಕಿಟ್ಟಿದ್ದೆ.

ಇದರ ಅರ್ಥ ಊಟದ ತಟ್ಟೆಯಲ್ಲಿ ಬಿಚ್ಚಿಕೊಳ್ಳುತ್ತದೆ. ಅತ್ತೆ ಮೊದಲ ತುತ್ತಿಗೆ ಮುಂಚೆ ಕರಡಿಗೆಯನ್ನು ಮುಟ್ಟಿಕೊಳ್ಳುತ್ತಿದ್ದಳು. ಪುಂಡಿಪಲ್ಯಕ್ಕೆ ಉಪ್ಪು ಕಮ್ಮಿಯಾಗಿದೆ ಎಂದು ಮಾವ ಮುಖ ಗಂಟಿಕ್ಕಿದರೆ, ‘ಉಪ್ಪು ಕಮ್ಮಿ ಅಂತ ಲಿಂಗಯ್ಯ ಹೇಳ್ಲಿಲ್ಲ, ನೀವ್ಯಾಕ ಹೇಳ್ತೀರಿ?’ ಎನ್ನುತ್ತಿದ್ದಳು. ಮನೆಮಂದಿ ನಗುತ್ತಿದ್ದರು. ನಗುವ ಮಾತೇ. ಆದರೆ ಅರ್ಪಿತ ಎನ್ನುವುದು ಇದೇ. ರುಚಿ ನಾಲಗೆಗೆ ಬರುತ್ತದೆ. ಅದರ ಬೆನ್ನಿಗೇ ‘ನನಗೆ ಸೇರಿತು’, ‘ನನಗೆ ಸೇರಲಿಲ್ಲ’ ಎಂಬುದು ಬರುತ್ತದೆ. ಎರಡರ ನಡುವೆ ಒಂದು ಸಣ್ಣ ಸಂದಿ ಇದೆ. ದಿನವೂ ಬೆಳಿಗ್ಗೆ ದೃಷ್ಟಿಯನ್ನು ಒಂದೆಡೆ ನಿಲ್ಲಿಸಿ ರೂಢಿಯಾದವರಿಗೆ ಆ ಸಂದಿ ಕಾಣಲು ಶುರುವಾಗುತ್ತದೆ. ಆ ಸಂದಿಯಲ್ಲೇ ರುಚಿಯನ್ನು ಲಿಂಗಕ್ಕೆ ಒಪ್ಪಿಸಿ, ಮರಳಿ ಬಂದದ್ದನ್ನು ಪ್ರಸಾದವೆಂದು ಉಣ್ಣುವುದು ಸಾಧನೆ. ಬೆಳಗಿನ ಪೂಜೆ ಇದಕ್ಕೆ ತಾಲೀಮು. ಕುಸ್ತಿ ಇರುವುದು ಊಟದಲ್ಲಿ, ಮಾತಿನಲ್ಲಿ, ವ್ಯಾಪಾರದಲ್ಲಿ, ಹಾಸಿಗೆಯಲ್ಲಿ.

ಈ ನಡೆ ಭಾರತದ ಬೇರೆ ಯೋಗಮಾರ್ಗಗಳಿಂದ ಎಷ್ಟು ಬೇರೆ ಎಂಬುದನ್ನು ನಮ್ಮ ಪ್ರವಚನಕಾರರು ಸಾಕಷ್ಟು ಹೇಳುವುದಿಲ್ಲ. ಇಂದ್ರಿಯಗಳ ಬಾಗಿಲು ಹೊರಕ್ಕೇ ತೆರೆದಿದೆ, ಎಲ್ಲೋ ಒಬ್ಬ ಧೀರ ಮಾತ್ರ ನೋಟವನ್ನು ಒಳಕ್ಕೆ ತಿರುಗಿಸುತ್ತಾನೆ ಎಂದು ಕಠೋಪನಿಷತ್ತು ಹೇಳುತ್ತದೆ. ಪತಂಜಲಿ ಪ್ರತ್ಯಾಹಾರದ ಮೂಲಕ ಇಂದ್ರಿಯಗಳನ್ನು ವಿಷಯದಿಂದ ಹಿಂದಕ್ಕೆಳೆದು, ಆಮೇಲೆ ಧಾರಣೆ, ಧ್ಯಾನ, ಸಮಾಧಿ ಎಂದು ಮುಂದುವರಿಯುತ್ತಾನೆ. ಉಪವಾಸವಿದ್ದವನಿಗೆ ವಿಷಯಗಳು ದೂರವಾದರೂ ಅವುಗಳ ರುಚಿ ದೂರವಾಗದು ಎಂಬ ಗೀತೆಯ ಎಚ್ಚರಿಕೆಯೂ ಇದೆ. ಶರಣರ ಷಟ್‌ಸ್ಥಲ ಈ ಎಚ್ಚರಿಕೆಯನ್ನು ಬಹಳ ಗಂಭೀರವಾಗಿ ತೆಗೆದುಕೊಂಡಂತೆ ನನಗೆ ತೋರುತ್ತದೆ. ಬಾಗಿಲು ಮುಚ್ಚಲು ಅದು ಹೇಳುವುದಿಲ್ಲ, ಬಾಗಿಲ ಬಳಿಯೇ ಲಿಂಗವನ್ನು ಕೂಡಿಸುತ್ತದೆ. ರುಚಿ ಒಳಗೆ ಬರಲಿ, ಆದರೆ ಮೊದಲು ಆ ಲಿಂಗದ ಕೈಗೆ. ಹೊಲಕ್ಕೆ ಹೋಗುವ, ಅಂಗಡಿ ತೆರೆಯುವ, ಮಕ್ಕಳಿಗೆ ಡಬ್ಬಿ ಕಟ್ಟುವ ಮಂದಿಗೆ ಇಂದ್ರಿಯಗಳನ್ನು ಹಿಂದಕ್ಕೆಳೆದುಕೊಳ್ಳಿ ಎಂದು ಹೇಳಿ ಪ್ರಯೋಜನವಿಲ್ಲ. ಅರ್ಪಿಸಿರಿ ಎಂದು ಹೇಳಬಹುದು. ಈ ವ್ಯತ್ಯಾಸ ನನಗೆ ತಿಳಿದದ್ದು ಕೂತ ಮೇಲೆ. ಆದರೆ ಬರೀ ಕೂತದ್ದರಿಂದ ತಿಳಿಯುತ್ತಿರಲಿಲ್ಲ. ಆರು ಲಿಂಗಗಳ ಆ ಒಣ ಪಟ್ಟಿ ಕೈಯಲ್ಲಿದ್ದುದರಿಂದ ಏನನ್ನು ಹುಡುಕಬೇಕೆಂಬುದು ಗೊತ್ತಾಯಿತು. ಸಾಧನೆಗೆ ಮಾತು ಬೇಕು ಎನ್ನುವುದಕ್ಕೆ ನನ್ನ ಕಾರಣ ಇದು.

ಹಾಗಾದರೆ ಉದಗೀರ, ನಿಲಂಗಾಗಳಲ್ಲಿ ಮಾತೇ ಇಲ್ಲವೆ? ಇದೆ. ಮರಾಠಿಯಲ್ಲಿ ಇದೆ. 16ನೆಯ ಶತಮಾನದ ಮನ್ಮಥಸ್ವಾಮಿ ವೀರಶೈವ ತತ್ತ್ವವನ್ನು ‘ಪರಮರಹಸ್ಯ’ದಲ್ಲಿ ಓವಿ ಎಂಬ ಮರಾಠಿ ಪದ್ಯಗಳಾಗಿ ಕಟ್ಟಿದರು. ಅವರ ಸಮಾಧಿ ಬೀಡ ಜಿಲ್ಲೆಯ ಕಪಿಲಧಾರದಲ್ಲಿದೆ. ಕಾರ್ತಿಕ ಹುಣ್ಣಿಮೆಗೆ ಈ ಎಲ್ಲ ತಾಲೂಕುಗಳಿಂದ ಜನ ಅಲ್ಲಿಗೆ ನಡೆದು ಹೋಗುತ್ತಾರೆ. ಹಳ್ಳಿಹಳ್ಳಿಯಲ್ಲಿ ಅಖಂಡ ಶಿವನಾಮ ಸಪ್ತಾಹ ನಡೆಯುತ್ತದೆ. ಬೆಳಿಗ್ಗೆ ಶಿವಪಾಠ, ಪರಮರಹಸ್ಯ ಪಾರಾಯಣ, ರಾತ್ರಿ ಶಿವಕೀರ್ತನೆ, ಶಿವಜಾಗರ. ಅಹಮದಪುರದ ಶಿವಲಿಂಗ ಶಿವಾಚಾರ್ಯರು ನೂರು ದಾಟಿದ ವಯಸ್ಸಿನವರೆಗೂ ಈ ಪಾರಾಯಣವನ್ನು ಊರೂರಿಗೆ ಒಯ್ದರು. ಅವರು ತೀರಿಕೊಂಡದ್ದು 2020ರಲ್ಲಿ. 1604ರಲ್ಲೇ ನಿಜಗುಣ ಶಿವಯೋಗಿಯ ‘ವಿವೇಕಚಿಂತಾಮಣಿ’ ಮರಾಠಿಗೆ ಹೋಗಿತ್ತು. ಕನ್ನಡದ ಅಧ್ಯಾತ್ಮ ಮರಾಠಿಯಲ್ಲಿ ಬಾಳಿದ್ದು ಹೊಸತೇನಲ್ಲ. ವಿಠ್ಠಲನ ಭಕ್ತರಾದ ವಾರಕರಿಗಳ ಸೀಮೆಯ ನಡುವೆ ಲಿಂಗಾಯತರನ್ನು ಲಿಂಗಾಯತರಾಗಿ ಉಳಿಸಿದ್ದು ಕನ್ನಡ ಮಠಗಳಿಗಿಂತ ಹೆಚ್ಚಾಗಿ ಈ ಓವಿಗಳು. ಬೆಂಗಳೂರಿನಲ್ಲಿ ಕೂತು ಮರಾಠವಾಡದ ಲಿಂಗಾಯತರಿಗೆ ವಚನವೇ ಗೊತ್ತಿಲ್ಲ ಎಂದು ಕನಿಕರ ತೋರುವವರು ಒಮ್ಮೆ ಆ ಸಪ್ತಾಹದಲ್ಲಿ ರಾತ್ರಿ ಕೂತು ಬರಬೇಕು.

ಇಷ್ಟು ಒಪ್ಪಿದ ಮೇಲೂ ಹೇಳಬೇಕಾದದ್ದು ಉಳಿಯುತ್ತದೆ. ಪಾರಾಯಣದ ಓವಿ ಒಂದು ಲಯದಲ್ಲಿ ಓಡುತ್ತದೆ. ಏಳು ದಿನದಲ್ಲಿ ಗ್ರಂಥ ಮುಗಿಯಬೇಕು. ಸಾಲಾಗಿ ಕೂತವರ ಮುಂದೆ ಒಂದೊಂದು ಪ್ರತಿ, ಒಂದೇ ಸ್ವರ. ಯಾರೂ ನಡುವೆ ನಿಲ್ಲಿಸಿ ‘ಇದರ ಅರ್ಥವೇನು ಸ್ವಾಮೇರ’ ಎಂದು ಕೇಳುವ ಹಾಗಿಲ್ಲ. ವಚನದ ಜಾಯಮಾನವೇ ಬೇರೆ. ಅದು ನಿಲ್ಲಿಸುತ್ತದೆ, ತಿರುಗಿ ಕೇಳುತ್ತದೆ, ಓದಿದವನ ಭಕ್ತಿಯನ್ನೇ ಅನುಮಾನಿಸುತ್ತದೆ. ಪರಮರಹಸ್ಯ ವಿಧಿಯನ್ನು ಉಳಿಸಿತು, ಶ್ರದ್ಧೆಯನ್ನು ಉಳಿಸಿತು. ಪ್ರಶ್ನೆಯನ್ನು ಉಳಿಸಲು ವಚನವೇ ಬೇಕಿತ್ತು.

ಆ ಪ್ರಶ್ನೆಯ ಯಜಮಾನ ಅಲ್ಲಮ. ಅವನಿಗೆ ಲಿಂಗ ದೊರೆತ ಕತೆಯನ್ನು ಹರಿಹರ ರಗಳೆಯಲ್ಲಿ ಹೇಳಿದ್ದಾನೆ: ನೆಲದಲ್ಲಿ ಹೂತ ಗುಡಿ, ಅದರ ಕಳಸ ಕಾಲ್ಬೆರಳಿಗೆ ತಗಲುತ್ತದೆ. ಅಗೆಸಿ ಒಳಗೆ ಹೋದರೆ ಅಂಗೈಯ ಲಿಂಗದಲ್ಲಿ ದೃಷ್ಟಿ ನೆಟ್ಟು ರೆಪ್ಪೆ ಬಡಿಯದೆ ಕೂತ ಅನಿಮಿಷಯ್ಯ. ಆ ಲಿಂಗ ಅಲ್ಲಮನ ಕೈಗೆ ಬರುತ್ತಲೂ ಅನಿಮಿಷನ ಪ್ರಾಣ ಹೋಗುತ್ತದೆ. (ಉದಗೀರದ ಕೋಟೆಯೊಳಗೆ ಊರಿಗೆ ಹೆಸರು ಕೊಟ್ಟ ಉದಯಗಿರಿ ಋಷಿಯ ಸಮಾಧಿಯೂ ನೆಲಮಟ್ಟಕ್ಕಿಂತ ಕೆಳಗೇ ಇದೆ, ಅಲ್ಲಿಗೆ ಇಳಿದಾಗಲೆಲ್ಲ ನನಗೆ ಈ ರಗಳೆ ನೆನಪಾಗುತ್ತದೆ.) ಅಷ್ಟು ಗಟ್ಟಿಯಾದ ನೋಟದಿಂದ ಲಿಂಗ ಪಡೆದವನು ಮುಂದೆ ತನ್ನ ವಚನಗಳಲ್ಲಿ ಲಿಂಗಪೂಜೆಯನ್ನೇ ಪದೇ ಪದೇ ತರಾಟೆಗೆ ತೆಗೆದುಕೊಳ್ಳುತ್ತಾನೆ. ಕೈಯಲ್ಲಿ ಹಿಡಿದದ್ದು ಲಿಂಗವೋ, ಹಿಡಿದೆನೆಂಬ ಅಹಂಕಾರವೋ ಎಂಬುದು ಅವನ ಪ್ರಶ್ನೆಯ ಧಾಟಿ. ಸೊನ್ನಲಿಗೆಯಲ್ಲಿ ಕೆರೆ, ಗುಡಿ ಕಟ್ಟಿಸುತ್ತಿದ್ದ ಸಿದ್ಧರಾಮನಿಗೂ ಅವನು ಸಮಾಧಾನದ ಮಾತು ಹೇಳಲಿಲ್ಲ. ಕಲ್ಯಾಣಕ್ಕೆ ಕರೆತಂದ. ಒಳಗೇ ಅರಿವಾದವನಿಗೆ ಹೊರಗಿನ ಲಿಂಗವೇಕೆ ಎಂಬ ಚರ್ಚೆ ಅಲ್ಲಿ ಎದ್ದಿತು. ಸಿದ್ಧರಾಮನ ದೀಕ್ಷೆಯ ವಿಷಯದಲ್ಲಿ ಈ ಚರ್ಚೆಗಳನ್ನು ಹೇಳುವ ಶೂನ್ಯಸಂಪಾದನೆ ಗ್ರಂಥದ ಪರಿಷ್ಕರಣಗಳೇ ಒಂದು ದಾರಿ ಹಿಡಿದಿಲ್ಲ. ಒಂದು ಧರ್ಮ ತನ್ನ ನಡುಗಂಬವನ್ನು ತಾನೇ ಹೀಗೆ ಅಲುಗಿಸಿ ನೋಡಿದ್ದು ಅಪರೂಪ. ಧ್ಯಾನಕ್ಕೆ ಕೂತವನು ತನಗೆ ತಾನೇ ಮೋಸ ಮಾಡಿಕೊಳ್ಳುವ ಅವಕಾಶ ಬಹಳ. ಅಲ್ಲಮನನ್ನು ಓದಿದರೆ ಆ ಅವಕಾಶ ಕಡಿಮೆಯಾಗುತ್ತದೆ.

ಇಲ್ಲಿ ಗುರುದೇವ ರಾನಡೆಯವರ ಮಾತು ಬರಲೇಬೇಕು. ಜಮಖಂಡಿಯಲ್ಲಿ ಹುಟ್ಟಿ, ಪುಣೆ, ಸಾಂಗ್ಲಿ, ಅಲಹಾಬಾದುಗಳಲ್ಲಿ ತತ್ತ್ವಶಾಸ್ತ್ರ ಕಲಿಸಿ, ನಿಂಬಾಳದಲ್ಲಿ ನಾಮಸ್ಮರಣೆಗೆ ಕೂತ ಅವರು ಕನ್ನಡ–ಮರಾಠಿ ಗಡಿಯ ದೊಡ್ಡ ಸಾಧಕ ಪಂಡಿತ. 1926ರಲ್ಲಿ ಬಂದ ಅವರ ಉಪನಿಷತ್ ಸಮೀಕ್ಷೆ, 1933ರ ಮಹಾರಾಷ್ಟ್ರದ ಅನುಭಾವದ ಗ್ರಂಥ, ನಿಧನಾನಂತರ ಹೊರಬಂದ ಕನ್ನಡ ಸಂತಸಾಹಿತ್ಯದ ಉಪನ್ಯಾಸಗಳು, ಇವೆಲ್ಲದರ ಹಿಂದೆ ಒಂದೇ ನಂಬಿಕೆ ಇದೆ: ಸಂತರ ಮಾತನ್ನು ಸಾಧಕನ ಅನುಭವದಿಂದ ಓದಬೇಕು. ಅವರ ಪ್ರಾಮಾಣಿಕತೆ ಪ್ರಶ್ನಾತೀತ. ಆದರೆ ಕಂಡ ಬೆಳಕು, ಕೇಳಿದ ನಾದ, ತೋರಿದ ರೂಪಗಳನ್ನು ಸಂತರಿಂದ ಸಂತರಿಗೆ ಹೋಲಿಸಿ ಅನುಭಾವದ ಸಾಕ್ಷ್ಯವಾಗಿ ಜೋಡಿಸುವ ಅವರ ಕ್ರಮ ನನ್ನನ್ನು ಪೂರ್ತಿ ಒಪ್ಪಿಸುವುದಿಲ್ಲ. ಬೆಳಕು ಎಷ್ಟು ಬೇಗ, ಎಷ್ಟು ಸುಲಭವಾಗಿ ಕಾಣುತ್ತದೆ ಎಂಬುದು ಲಿಂಗ ಹಿಡಿದವರಿಗೆ ಗೊತ್ತು. ಅದು ಕಂಡದ್ದಕ್ಕಿಂತ, ಕಂಡ ಮೇಲೆ ಊಟದ ತಟ್ಟೆಯ ಮುಂದೆ ಮುಖ ಗಂಟಿಕ್ಕುವುದು ಕಡಿಮೆಯಾಯಿತೇ ಎಂಬುದು ನನಗೆ ಮುಖ್ಯ.

ಇನ್ನು ಈ ಧ್ಯಾನದ ಹೆಸರಿನಲ್ಲಿ ನಡೆಯುವ ಜಗಳ. 2017ರ ಜುಲೈಯಲ್ಲಿ ಬೀದರದಲ್ಲಿ, ಸೆಪ್ಟೆಂಬರಿನಲ್ಲಿ ಲಾತೂರದಲ್ಲಿ ಲಿಂಗಾಯತ ಪ್ರತ್ಯೇಕ ಧರ್ಮದ ಮಾನ್ಯತೆ ಕೇಳಿ ದೊಡ್ಡ ಮೆರವಣಿಗೆಗಳಾದವು. 2018ರ ಮಾರ್ಚಿನಲ್ಲಿ ಕರ್ನಾಟಕ ಸರಕಾರ ಆ ಮಾನ್ಯತೆಗೆ ಶಿಫಾರಸು ಮಾಡಿತು. ಇಷ್ಟಲಿಂಗ ಬಸವಣ್ಣನ ಕೊಡುಗೆ ಎಂದು ಒಂದು ಬಣ, ಆಗಮಗಳ ಕಾಲದಿಂದ ಬಂದದ್ದು, ರೇಣುಕರು ಅಗಸ್ತ್ಯನಿಗೆ ಬೋಧಿಸಿದ ‘ಸಿದ್ಧಾಂತ ಶಿಖಾಮಣಿ’ಯಲ್ಲೇ ಇದೆ ಎಂದು ಇನ್ನೊಂದು ಬಣ. ನಿಲಂಗಾದ ಒಂದೇ ಓಣಿಯಲ್ಲಿ ಎರಡೂ ಬಣದವರಿದ್ದಾರೆ, ಇಬ್ಬರ ಕೊರಳಲ್ಲೂ ಅದೇ ಲಿಂಗ. ಗ್ರಂಥದ ಕಾಲವನ್ನು ಶಾಸನ, ಹಸ್ತಪ್ರತಿ, ಭಾಷೆ ನೋಡಿ ನಿರ್ಣಯಿಸಬೇಕು. ‘ನನಗೆ ಧ್ಯಾನದಲ್ಲಿ ತಿಳಿಯಿತು’ ಎಂಬ ಮಾತಿಗೆ ಅಲ್ಲಿ ಬೆಲೆಯಿಲ್ಲ. ಅನುಭವದ ಅಧಿಕಾರಕ್ಕೆ ಒಂದು ಮೇರೆ ಇದೆ, ಅದನ್ನು ದಾಟಿ ಇತಿಹಾಸದೊಳಗೆ ಕೈಹಾಕಿದ ಸ್ವಾಮಿಗಳನ್ನು ಎರಡೂ ಕಡೆ ಕಂಡಿದ್ದೇವೆ. ಅದೇ ರೀತಿ, ಗ್ರಂಥ ಎಷ್ಟು ಹಳೆಯದಾದರೂ ಬೆಳಗಿನ ಪೂಜೆಯಲ್ಲಿ ಮನಸ್ಸು ನಿಂತೀತೆಂಬ ಭರವಸೆ ಇಲ್ಲ.

ಈ ಸಾಧನೆಗೆ ಒಂದು ನಾಚಿಕೆಯ ಮುಖವೂ ಇದೆ. ಎಲ್ಲರ ಅಂಗೈಗೆ ಬಂದ ಲಿಂಗ ಮತ್ತೆ ಹುಟ್ಟಿನ ಲೆಕ್ಕಕ್ಕೆ ಸಿಕ್ಕಿದೆ. ಕೂಸಿಗೆ ಲಿಂಗ ಕಟ್ಟುತ್ತಾರೆ, ಬೆಳೆದ ಮೇಲೆ ಅದನ್ನು ಹಿಡಿಯುವುದು ಹೇಗೆಂದು ಕಲಿಸುವುದಿಲ್ಲ. ಬಹಳ ಮನೆಗಳಲ್ಲಿ ಅದು ಕಪಾಟಿನ ಬೆಳ್ಳಿ ಸಾಮಾನಿನ ಜೊತೆ ಇದೆ, ಮದುವೆ ಮತ್ತು ಮಣ್ಣಿನ ದಿನ ಹೊರಬರುತ್ತದೆ. ಹುಟ್ಟಿನಿಂದ ಲಿಂಗಾಯತನಲ್ಲದ ಯಾರಾದರೂ ದೀಕ್ಷೆ ಕೇಳಿಕೊಂಡು ಬಂದರೆ ಎಷ್ಟು ಮಠಗಳು ಮೊದಲ ಪ್ರಶ್ನೆಯಾಗಿ ಜಾತಿ ಕೇಳದೆ ಇದ್ದಾವು? ಶರಣರನ್ನು ನಂಬುವವರು ಇದಕ್ಕೆ ಉತ್ತರ ಕೊಡಬೇಕು, ಗ್ರಂಥಿಯ ವಿಜ್ಞಾನವನ್ನು ಆಮೇಲೆ ನೋಡಿಕೊಳ್ಳಬಹುದು.

ಒಟ್ಟಿನಲ್ಲಿ ನನ್ನ ನಿರ್ಣಯ ಇದು: ಇಷ್ಟಲಿಂಗ ಧ್ಯಾನ ಹಳೆಯ ಬೋಧೆಯ ಬಾಗಿಲು ತೆರೆಯುವ ಸಮರ್ಥ ವಿಧಾನ, ಗಡಿ ತಾಲೂಕಿನ ಹೆಂಗಸರು ಅದನ್ನು ಕಾಪಾಡಿದ ರೀತಿ ಪಂಡಿತರಿಗಿಂತ ಮೇಲು. ಆದರೆ ಈಗ ಕಲಿಸುತ್ತಿರುವ ರೂಪದಲ್ಲಿ ಅದು ಕಣ್ಣಿನಲ್ಲೇ ನಿಂತಿದೆ, ನಾಲಗೆಗೆ, ಕಿವಿಗೆ, ಹೃದಯಕ್ಕೆ ಇಳಿದಿಲ್ಲ. ಇಳಿಸುವ ಮಾತು ವಚನಗಳಲ್ಲಿದೆ. ಹಳಕಟ್ಟಿಯವರ ‘ವಚನಶಾಸ್ತ್ರ ಸಾರ’ ಬಂದು ನೂರು ವರ್ಷ ದಾಟಿತು. ಬೆಂಗಳೂರಿನ ಬಸವ ಸಮಿತಿ ಎಂ. ಎಂ. ಕಲಬುರ್ಗಿಯವರ ಸಂಪಾದಕತ್ವದಲ್ಲಿ 2500 ವಚನಗಳನ್ನು ಬೇರೆ ಬೇರೆ ಭಾರತೀಯ ಭಾಷೆಗಳಿಗೆ ತಂದಿದೆ, ಅದರಲ್ಲಿ ಮರಾಠಿಯೂ ಇದೆ. ಕನ್ನಡ ಬಾರದು ಎಂಬ ನೆಪ ಇನ್ನು ನಡೆಯದು.

ಉದಗೀರ, ನಿಲಂಗಾ, ಉಮರ್ಗಾ ಕಡೆಯ ಸಪ್ತಾಹ ಸಮಿತಿಯವರಲ್ಲಿ ನನ್ನದೊಂದು ಬಿನ್ನಹ. ಪರಮರಹಸ್ಯದ ಪಾರಾಯಣ ಹಾಗೇ ಇರಲಿ. ಅದು ಮುಗಿದ ಮೇಲೆ, ಮಹಾಪ್ರಸಾದಕ್ಕೆ ಎಲೆ ಹಾಕುವ ಮುಂಚೆ, ಅರ್ಧ ಗಂಟೆ ಬಿಡುವು ಮಾಡಿರಿ. ಅರ್ಪಿತದ ಒಂದು ವಚನವನ್ನು ಮೊದಲು ಕನ್ನಡದಲ್ಲಿ, ಆಮೇಲೆ ಮರಾಠಿಯಲ್ಲಿ ಓದಿಸಿರಿ. ಹುಡುಗರು ಪ್ರಶ್ನೆ ಕೇಳಿದರೆ ಗದರಬೇಡಿರಿ. ಆ ಮೇಲೆ ಊಟಕ್ಕೆ ಕೂಡಿಸಿರಿ.